ಕಾಲು ಮೊದಲು ಒಪ್ಪಿತು

ಹೆವಿ ಮೆಟಲ್ ಎಂದರೆ ನನ್ನ ಪಾಲಿಗೆ ಬಹುಕಾಲ ಪಕ್ಕದ ಕೋಣೆಯ ಗದ್ದಲವಾಗಿತ್ತು. ಮಗ ಅದನ್ನು ಹಚ್ಚುವುದು, ನಾನು ಅಡುಗೆಮನೆಯಿಂದ "ಸ್ವಲ್ಪ ಕಡಿಮೆ ಮಾಡೋ" ಎಂದು ಕೂಗುವುದು, ಅವನು ಬಾಗಿಲು ಹಾಕಿಕೊಳ್ಳುವುದು. ಇಷ್ಟೇ ಆ ಸಂಗೀತಕ್ಕೂ ನನಗೂ ಇದ್ದ ಸಂಬಂಧ. ಒಂದು ಸಂಜೆ ಮಾತ್ರ ಕೂಗಲು ಮರೆತೆ. ಹುರುಳಿಕಾಯಿ ಹೆಚ್ಚುತ್ತ ಕೂತವಳು ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನನ್ನ ಕಾಲು ತನ್ನ ಪಾಡಿಗೆ ತಾನು ತಾಳ ಹಾಕುತ್ತಿದೆ!

"ಇದೂ ಅದೇನೇನೋ?" ಎಂದು ಕೇಳಿದೆ.

"ಅದೇ ಅಮ್ಮಾ. ಆದರೆ ಇದರಲ್ಲಿ ಫಂಕ್ ಸೇರಿದೆ" ಎಂದ.

ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಹೆವಿ ಮೆಟಲ್ಲಿನ ತವರು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್. 1970ರಲ್ಲಿ ಮೊದಲ ಆಲ್ಬಮ್ ತಂದ ಬ್ಲ್ಯಾಕ್ ಸಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ, ಹದಿಹರೆಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿಗಳನ್ನು ಕೊಟ್ಟವನು. ಆ ಸಂಗೀತ ಅಷ್ಟು ಭಾರವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಫಂಕ್ ಅಮೆರಿಕದ ಕಪ್ಪು ಜನರದು. 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ನಾಲ್ಕು ಎಣಿಕೆಯಲ್ಲಿ ಮೊದಲನೆಯದರ ಮೇಲೆ ಒತ್ತು ಹಾಕಿ, ಉಳಿದ ಜಾಗವನ್ನು ಸಣ್ಣ ಪೆಟ್ಟುಗಳಿಗೂ ಮೌನಕ್ಕೂ ಬಿಟ್ಟುಕೊಟ್ಟ. ಆ ಬಿಟ್ಟ ಜಾಗದಲ್ಲೇ ಮೈ ತೂಗುವುದು. ಅದಕ್ಕೆ ಅವರು ಗ್ರೂವ್ ಎನ್ನುತ್ತಾರೆ.

ಲ್ಯಾರಿ ಗ್ರಹಾಮ್ ಎಂಬ ಹುಡುಗನ ಕತೆ ನನಗೆ ಬಹಳ ಹಿಡಿಸಿತು. ಅವನ ತಾಯಿ ಪಿಯಾನೊ ನುಡಿಸಿ ಹಾಡುವವಳು, ಇವನು ಜೊತೆಗೆ ಬೇಸ್ ಗಿಟಾರ್. ಡ್ರಮ್ ಬಾರಿಸುವವನು ಇಲ್ಲದಾದಾಗ ಹುಡುಗ ಆ ಕೊರತೆ ತುಂಬಲು ತಂತಿಗಳನ್ನು ಹೆಬ್ಬೆರಳಿಂದ ಬಡಿದು, ಇನ್ನೊಂದು ಬೆರಳಿಂದ ಎಳೆದುಬಿಡತೊಡಗಿದ. ಮುಂದೆ ಅದೇ ಫಂಕಿನ ಗುರುತಾಯಿತು. ಇದ್ದುದರಲ್ಲೇ ಸಾರು ಮಾಡಿ ಬಡಿಸುವ ನಮಗೆ ಇದು ಅರ್ಥವಾಗದ ವಿದ್ಯೆಯಲ್ಲ.

ಎರಡನ್ನೂ ಬೆರೆಸಿದ ತಂಡಗಳನ್ನು ಮಗ ಒಂದೊಂದಾಗಿ ಕೇಳಿಸಿದ: ಫೇತ್ ನೋ ಮೋರ್, ರೆಡ್ ಹಾಟ್ ಚಿಲಿ ಪೆಪ್ಪರ್ಸ್, ಪ್ರೈಮಸ್. ಕೆಲವು ಬರೀ ಕುಣಿದಾಟ ಅನ್ನಿಸಿತು. ಮನಸ್ಸಿನಲ್ಲಿ ನಿಂತದ್ದು ಲಿವಿಂಗ್ ಕಲರ್ ತಂಡದ 1988ರ ಆಲ್ಬಮ್ 'ವಿವಿಡ್'. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕಪ್ಪು ಹೆಂಗಸು 1940ರ ದಶಕದಲ್ಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ರಾಕ್‌ಗೆ ದಾರಿ ಮಾಡಿದ್ದಳು. ಆದರೆ 1980ರ ದಶಕದ ಹೊತ್ತಿಗೆ ರಾಕ್ ಬಿಳಿಯರ ಸ್ವತ್ತು ಎಂಬಂತಾಗಿತ್ತು. ಆ ಮುಚ್ಚಿದ ಬಾಗಿಲು ತಟ್ಟಲೆಂದೇ ಗಿಟಾರ್ ವಾದಕ ವರ್ನನ್ ರೀಡ್, ಬರಹಗಾರ ಗ್ರೆಗ್ ಟೇಟ್, ಕೊಂಡಾ ಮೇಸನ್ ಎಂಬಾಕೆ ಸೇರಿ 1985ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲ್ಯಾಕ್ ರಾಕ್ ಕೊಅಲಿಷನ್ ಎಂಬ ಸಂಘ ಕಟ್ಟಿದರು. ರೀಡ್‌ನ ತಂಡವೇ ಲಿವಿಂಗ್ ಕಲರ್.

ಆಲ್ಬಮ್ಮಿನ ಎಲ್ಲ ಹಾಡೂ ಒಂದೇ ತೂಕದವಲ್ಲ. ಮಿಕ್ ಜಾಗರ್ ನಿರ್ಮಿಸಿಕೊಟ್ಟ 'ಗ್ಲಾಮರ್ ಬಾಯ್ಸ್' ಶೋಕಿಲಾಲರನ್ನು ಗೇಲಿ ಮಾಡಿ ಸುಮ್ಮನಾಗುತ್ತದೆ. 'ಫನ್ನಿ ವೈಬ್' ಹಾಗಲ್ಲ. ತನ್ನನ್ನು ಕಂಡೊಡನೆ ಸಂಶಯಪಡುವವರನ್ನು ಕಪ್ಪು ಮನುಷ್ಯ ಕೇಳುವ ಪ್ರಶ್ನೆ ಅದು. ಮೆಟಲ್ಲಿನ ಸಿಟ್ಟಿನಿಂದ ಶುರುವಾಗಿ ಫಂಕಿನ ನಡಿಗೆಗೆ ಇಳಿಯುತ್ತದೆ. ಬಡವರನ್ನು ಮನೆಯಿಂದ ಎಬ್ಬಿಸುವ ಮಾಲೀಕನಿಗೆ ಬರೆದ ಬಹಿರಂಗ ಪತ್ರದ ಹಾಡೂ ಒಂದಿದೆ. ಬಾಡಿಗೆ ಮನೆಯಲ್ಲಿ ಬಾಳಿದ ಯಾವ ಹೆಂಗಸಿಗೂ ಅದು ತಟ್ಟೀತು.

ಆದರೆ ನನ್ನ ಕಾಲು ಕುಣಿಸಿದ್ದು 'ಕಲ್ಟ್ ಆಫ್ ಪರ್ಸನಾಲಿಟಿ', 1990ರಲ್ಲಿ ಗ್ರ್ಯಾಮಿ ಪಡೆದ ಹಾಡು. ಮೊದಲು ಮಾಲ್ಕಮ್ ಎಕ್ಸ್ ಭಾಷಣದ ತುಣುಕು, ಆಮೇಲೆ ರೀಡ್‌ನ ಗಿಟಾರ್, ಕೆಳಗೆ ವಿಲ್ ಕ್ಯಾಲ್‌ಹೂನ್‌ನ ಡ್ರಮ್. ಎರಡನೆಯ ಸಲ ಮಾತಿಗೆ ಕಿವಿಗೊಟ್ಟಾಗ ಬೆಚ್ಚಿದೆ. ಸ್ಟಾಲಿನ್, ಮುಸೊಲಿನಿಯವರ ಸಾಲಿನಲ್ಲಿ ಗಾಂಧೀಜಿಯ ಹೆಸರು! ಗಾಂಧೀಜಿಯ ಪಟಕ್ಕೆ ಹೂವಿಟ್ಟು ಬೆಳೆದವಳು ನಾನು. ಸಿಟ್ಟು ಬಂತು, ನಿಲ್ಲಿಸು ಎಂದೂ ಹೇಳಿದೆ.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಹಾಡು ಅವರೆಲ್ಲ ಒಂದೇ ಎನ್ನುತ್ತಿಲ್ಲ. ಹಿಂಬಾಲಿಸುವ ನಮ್ಮ ಬಗ್ಗೆ ಹೇಳುತ್ತಿದೆ. ನಾಯಕ ಒಳ್ಳೆಯವನೋ ಕೆಟ್ಟವನೋ, ಯೋಚಿಸದೆ ಹಿಂದೆ ಬೀಳುವ ಕಾಲುಗಳು ಒಂದೇ. ಇದನ್ನು ಬರೀ ಭಾರದ ಮೆಟಲ್ಲಿನಲ್ಲಿ ಹೇಳಿದ್ದರೆ ಉಪದೇಶವಾಗುತ್ತಿತ್ತು. ಗ್ರೂವ್ ಸೇರಿದ್ದರಿಂದ ಹಾಡು ಮೊದಲು ನಮ್ಮನ್ನು ಹಿಂಬಾಲಕರನ್ನಾಗಿ ಮಾಡುತ್ತದೆ, ಎಚ್ಚರಿಕೆ ಆಮೇಲೆ ಕೇಳಿಸುತ್ತದೆ. ಅದರ ಅರ್ಥ ತಿಳಿಯುವ ಮೊದಲೇ ನನ್ನ ಕಾಲು ಒಪ್ಪಿಬಿಟ್ಟಿತ್ತಲ್ಲ!

ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಚುನಾವಣೆಯ ಮೆರವಣಿಗೆ ಬಂದಿತ್ತು. ತಮಟೆ ಸದ್ದು ಕೇಳಿದ್ದೇ ಚಪ್ಪಲಿ ಹಾಕಿಕೊಳ್ಳದೆ ಓಡಿದ್ದೆ, ಜೈಕಾರವನ್ನೂ ಕೂಗಿದ್ದೆ. ಯಾರಿಗೆ ಕೂಗಿದೆನೋ ಈಗ ನೆನಪಿಲ್ಲ. ತಮಟೆಯ ಪೆಟ್ಟು ಮಾತ್ರ ಇನ್ನೂ ನೆನಪಿದೆ.