ಮಲಗಿದವರಿಗೆ ಮಾತ್ರ ಕಾರ್ಡು

2003ರಲ್ಲಿ ಯಶಸ್ವಿನಿ ಶುರುವಾದಾಗ ವರ್ಷಕ್ಕೆ 60 ರೂಪಾಯಿ ಕಟ್ಟಿದ ರೈತನಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಸಿಗುವ ಹಾಗಾಯಿತು. ಇದನ್ನು ನಾವು ಹೀಗಳೆಯುವುದಿಲ್ಲ. ಹೊಲ ಮಾರದೆ ಬದುಕಿ ಬಂದವರನ್ನು ಕಂಡಿದ್ದೇವೆ. ಆದರೆ ಆ ರೈತ ಯಾರು? ಸಹಕಾರ ಸಂಘದ ಸದಸ್ಯ. ಸದಸ್ಯ ಯಾರು? ಬಹುಮಟ್ಟಿಗೆ ಜಮೀನಿನ ಮೇಲೆ ಸಾಲ ಎತ್ತುವವನು, ಡೇರಿಗೆ ಹಾಲು ಹಾಕುವವನು. ಅದೇ ಜಮೀನಲ್ಲಿ ಕಳೆ ಕೀಳುವ, ಅದೇ ಕೊಟ್ಟಿಗೆ ಬಾಚುವ ನಮ್ಮವ್ವನಿಗೆ ಪಹಣಿಯೂ ಇಲ್ಲ, ಹಸುವೂ ಇಲ್ಲ. ಜಾತಿ ಹೆಸರೆತ್ತಿ ಯಾರನ್ನೂ ಹೊರಗಿಡಬೇಕಾಗಲಿಲ್ಲ. ಭೂಮಿಯೇ ಆ ಕೆಲಸ ಮಾಡಿತು.

ಇದು ಹೊಸತೂ ಅಲ್ಲ. ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, 1943ರಲ್ಲಿ, ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸುವ ಕೆಲಸವನ್ನು ಅದಾರ್ಕರ್ ಅವರಿಗೆ ಒಪ್ಪಿಸಲಾಯಿತು. ಅದರ ಬೆನ್ನಿಗೆ 1948ರ ಇ.ಎಸ್.ಐ. ಕಾಯ್ದೆ ಬಂತು. ಅಲ್ಲಿ ಮಾಲೀಕನೂ ಪಾಲು ಕಟ್ಟಬೇಕು. ದುಡಿದವನ ಮೈಗೆ ದುಡಿಸಿಕೊಂಡವನೂ ಹೊಣೆ. ಕಾರ್ಖಾನೆ ಗೇಟಿನವರೆಗೆ ಬಂದ ಈ ನ್ಯಾಯ ಗದ್ದೆಗೆ ಇಳಿಯಲೇ ಇಲ್ಲ. ತೋಟಕ್ಕೆ ಔಷಧಿ ಹೊಡೆಯುತ್ತಾ ತಲೆ ತಿರುಗಿ ಬಿದ್ದವನಿಗೆ ಗೌಡರು ಯಾವ ಪಾಲು ಕಟ್ಟಿದ್ದಾರೆ, ಹೇಳ್ರಿ?

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಜಮೀನು ಕೇಳುವುದಿಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಕಾರ್ಡು ನಮ್ಮ ಕೇರಿಗೂ ಬಂತು. ಆದರೆ ಅದರ ಕಾಗದಪತ್ರದಲ್ಲಿ ನಾವು ‘ಫಲಾನುಭವಿ’ಗಳಂತೆ! ಕವಿತೆ ಬರೆಯೋರ ಚಾಳಿ, ಪದದ ಮೇಲೇ ಕಣ್ಣು. ಮರ ನೆಟ್ಟವರು ಯಾರೋ, ಹಣ್ಣು ತಿನ್ನೋರು ನಾವು ಎನ್ನುವ ಧಾಟಿ ಅದು. ಬೀಡಿಗೂ ಸೋಪಿಗೂ ತೆರಿಗೆ ತೆರುವವರು ನಾವಲ್ಲವೇ?

ಇನ್ನು 5 ಲಕ್ಷದ ಮಾತು. ಅದು ಅಡ್ಮಿಟ್ ಆದವರಿಗೆ. ಅವ್ವನದು ಸಕ್ಕರೆ ಕಾಯಿಲೆ. ಬೇಕಾದದ್ದು ದಿನಾ ಗುಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದು ಚೀಟಿ ಬರೆದರು. ಕೂಲಿ ಸಿಕ್ಕ ವಾರ ಗುಳಿಗೆ, ಸಿಗದ ವಾರ ಇಲ್ಲ. ಕಾಲಿನ ಹುಣ್ಣು ಕೊಳೆತು ಬೆರಳು ತೆಗೆಯಬೇಕಾದಾಗ ಕಾರ್ಡು ಕಣ್ಣು ಬಿಟ್ಟಿತು. ಒಂದು ಪೈಸೆಯೂ ಖರ್ಚಾಗಲಿಲ್ಲ, ನಿಜ.

ದುಡ್ಡಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು; ಅದು ಹಳ್ಳಿಯ ಪ್ರಾಥಮಿಕ ಕೇಂದ್ರದಿಂದ ಶುರು ಮಾಡಿತ್ತು. ಈ ಪುಟ ಓದುವ ಮೇಷ್ಟ್ರುಗಳೇ, ನಿಮ್ಮೂರ ಆಸ್ಪತ್ರೆಯಲ್ಲಿ ಈ ತಿಂಗಳು ಯಾವ ಗುಳಿಗೆ ಮುಗಿದಿದೆ ಎಂದು ಕೇಳಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಯನ್ನೇ ಅಚ್ಚು ಹಾಕೋಣ.