ಹುಬ್ಬಿಲ್ಲದ ಮನೆ

ಅಗ್ಗದ ಮರಕ್ಕೆ ತೇಗದ ಬಣ್ಣ ಹೊಡೆದು ತೇಗವೆಂದು ದಾಟಿಸುವವರನ್ನು ಕಂಡರೆ ದಾಂಡೇಲಿ, ಅಂಬೇವಾಡಿ ಕಡೆಯ ಬಡಿಗರಿಗೆ ಮೈ ಉರಿಯುತ್ತದೆ. ಟಿಂಬರ್ ಡಿಪೋ ಇರುವ ಊರು ನೋಡಿ. ವಿಯೆನ್ನಾದ ವಾಸ್ತುಶಿಲ್ಪಿ ಆಡಾಲ್ಫ್ ಲೋಸ್‌ಗೂ ಇದೇ ಸಿಟ್ಟು. ಮರಕ್ಕೆ ಯಾವ ಬಣ್ಣ ಬೇಕಾದರೂ ಬಳಿಯಿರಿ, ಮರದ ಬಣ್ಣವೊಂದನ್ನು ಬಿಟ್ಟು ಎಂದು 1898ರಲ್ಲೇ ವಾದಿಸಿದ್ದ. ಕಲ್ಲಿನ ಕೆತ್ತನೆಯಂತೆ ಕಾಣಲೆಂದು ಅಚ್ಚು ಹೊಯ್ದ ಗಾರೆಯ ಬಳ್ಳಿ, ಹೂವು, ಮುಖಗಳನ್ನು ಅಂಟಿಸಿಕೊಂಡ ಮನೆಗಳೇ ಆಗ ಆ ಊರಿನ ತುಂಬ.

ಗೋಲ್ಡ್‌ಮನ್ ಅಂಡ್ ಸಲಾಚ್ ಎಂಬ ಹೆಸರಾಂತ ದರ್ಜಿ ಅಂಗಡಿಯ ಹೊಸ ಕಟ್ಟಡದ ಕೆಲಸ ಅವನಿಗೆ ಬಂದದ್ದು 1909ರಲ್ಲಿ. ಜಾಗ ಮಿಖಾಯೆಲರ್ ಚೌಕ, ಎದುರಿಗೇ ಚಕ್ರವರ್ತಿಯ ಹೋಫ್‌ಬುರ್ಗ್ ಅರಮನೆ. ಮೇಲಂತಸ್ತುಗಳಿಗೆ ಲೋಸ್ ಸಾದಾ ಗಾರೆ ಮಾಡಿಸಿದ. ಕಿಟಕಿಯ ಸುತ್ತ ಒಂದು ಗೆರೆಯ ಅಲಂಕಾರವೂ ಇಲ್ಲ. ‘ಹುಬ್ಬಿಲ್ಲದ ಮನೆ’ ಎಂದು ಊರು ಆಡಿಕೊಂಡಿತು. 1910ರಲ್ಲಿ ನಗರಾಡಳಿತ ಕೆಲಸವನ್ನೇ ನಿಲ್ಲಿಸಿತು. ಆ ಗೋಡೆ ಕಣ್ಣಿಗೆ ಬೀಳದಿರಲೆಂದು ಮುದಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಅರಮನೆಯ ಪರದೆ ಎಳೆಸಿದನಂತೆ. ಕಥೆ ಸೊಗಸಾಗಿದೆ, ಅಷ್ಟೇ. 1911ರ ಡಿಸೆಂಬರ್‌ನಲ್ಲಿ ಲೋಸ್ ತನ್ನ ಪರ ತಾನೇ ಭಾಷಣಕ್ಕೆ ನಿಂತಾಗ ಎರಡು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಕೊನೆಗೆ ಕೆಲವು ಕಿಟಕಿಗಳ ಕೆಳಗೆ ಕಂಚಿನ ಹೂತೊಟ್ಟಿ ಕೂರಿಸಿ ರಾಜಿಯಾಯಿತು. ನನಗೇನೋ ಆ ತೊಟ್ಟಿಗಳು ಚೆನ್ನಾಗಿಯೇ ಕಾಣುತ್ತವೆ.

ಪುರಾತನ ಚೌಕ ಕೆಟ್ಟಿತೆಂಬುದು ದೊಡ್ಡ ದೂರು. ಆದರೆ ಚೌಕಕ್ಕೆ ಮುಖಮಾಡಿದ ಅರಮನೆಯ ಆ ಗುಮ್ಮಟದ ಭಾಗ, ನಕ್ಷೆ ಹಳೆಯದಾದರೂ, ಕಟ್ಟಿ ಮುಗಿದದ್ದು 1893ರಲ್ಲಿ. ಇಪ್ಪತ್ತು ವರ್ಷವೂ ಆಗಿರಲಿಲ್ಲ! ನಾವೇನು ಕಡಿಮೆ? ಮೈಸೂರು ಅರಮನೆಯನ್ನು ತಲೆತಲಾಂತರದ್ದೆಂದು ನೋಡುತ್ತೇವೆ. 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ನಕ್ಷೆಯಂತೆ ಎದ್ದ ಅದು ಮುಗಿದದ್ದು 1912ರಲ್ಲಿ, ಹೆಚ್ಚುಕಡಿಮೆ ಲೋಸ್‌ನ ಮನೆಯ ಕಾಲಕ್ಕೇ. ಬೆಂಗಳೂರಿನಲ್ಲಿ ಜಗಳ ತಿರುಗುಮುರುಗಾಯಿತು: ಕೆಂಗಲ್ ಹನುಮಂತಯ್ಯ ಸರಳ ನಕ್ಷೆ ಬಿಟ್ಟು ಗುಮ್ಮಟ, ಕೆತ್ತನೆಗಳ ವಿಧಾನಸೌಧ ಕಟ್ಟಿಸಿದಾಗ ಖರ್ಚು ಅತಿಯಾಯಿತೆಂದು ಕೂಗೆದ್ದಿತು.

ಲೋಸ್‌ನ ಮನೆ ಬೋಳು ಎಂದವರು ತಲೆಯೆತ್ತಿಯೇ ನೋಡಿರಬೇಕು. ಅದರ ಕೆಳಭಾಗಕ್ಕೆ ಹೊದಿಸಿದ್ದು ಗ್ರೀಸಿನ ಯೂಬಿಯಾ ದ್ವೀಪದ ಚಿಪೊಲ್ಲಿನೊ ಅಮೃತಶಿಲೆ. ಬೂದುಹಸಿರು ಅಲೆಗಳೆದ್ದ ಆ ಕಲ್ಲಿನ ಮುಂದೆ ಯಾವ ಕೆತ್ತನೆ? ಒಳಗೆ ಮಹಾಗನಿ ಹಲಗೆ, ಹಿತ್ತಾಳೆ, ಕನ್ನಡಿ. ಕಲ್ಲು ಕಲ್ಲಾಗಿ, ಮರ ಮರವಾಗಿ, ಗಾರೆ ಗಾರೆಯಾಗಿ ಇವೆ.

ತಕರಾರು ತೆಗೆಯುವುದಿದ್ದರೆ ಬಾಗಿಲ ಮುಂದಿನ ನಾಲ್ಕು ಕಂಬಗಳ ಮೇಲೆ ತೆಗೆಯಬೇಕಿತ್ತು. ಅದೇ ಅಮೃತಶಿಲೆಯ ದುಂಡುಗಂಬಗಳು, ನೋಡಲು ಗಂಭೀರ. ಆದರೆ ಮೇಲಿನ ಭಾರ ಹೊತ್ತಿರುವುದು ಕಾಂಕ್ರೀಟ್ ಚೌಕಟ್ಟು. ಕಂಬಗಳು ಹೊತ್ತಂತೆ ನಿಂತಿವೆ. ಸೋಗು ಬೇಡವೆಂದವನ ಹೆಬ್ಬಾಗಿಲಲ್ಲೇ ಈ ಸೋಗು! ವಿಯೆನ್ನಾದವರು ಅದನ್ನು ಕೇಳಲಿಲ್ಲ, ಕಿಟಕಿಯ ಹುಬ್ಬು ಹುಡುಕುತ್ತ ಕೂತರು.