ಕೇಳುವವನ ಪಾಲು

2022ರ ಫೆಬ್ರವರಿ 5ರಂದು ಇಬ್ರಾಹಿಂ ಸುತಾರರು ತೀರಿಕೊಂಡರು. ಶಾಲೆ ಕಾಲೇಜುಗಳ ಸಮವಸ್ತ್ರದ ಕುರಿತು ರಾಜ್ಯ ಸರ್ಕಾರದ ಆದೇಶ ಹೊರಬಿದ್ದದ್ದೂ ಅದೇ ದಿನ. ಹಿಜಾಬಿನ ಜಗಳ ಟಿವಿ ತುಂಬ ಹೊತ್ತಿ ಉರಿಯುತ್ತಿದ್ದ ಆ ವಾರದಲ್ಲಿ ಗಾಯಕ್ಕೆ ಕಟ್ಟುವ ಅರಿವೆಯ ಹಾಗೆ ಸುತಾರರು ಎಲ್ಲರಿಗೂ ಬೇಕಾದರು. ಭಗವದ್ಗೀತೆ ಹೇಳುತ್ತಿದ್ದ ಮುಸ್ಲಿಮ, ವಚನ ಹಾಡುತ್ತಿದ್ದ ಸಾಬರು, ಕನ್ನಡದ ಕಬೀರ, ಭಾವೈಕ್ಯದ ಹರಿಕಾರ ಎಂದು ಬರೆದವರಲ್ಲಿ ಅವರು ಹೇಗೆ ಹಾಡುತ್ತಿದ್ದರು, ಹೇಗೆ ಮಾತಾಡುತ್ತಿದ್ದರು, ಅವರ ಭಜನಾ ಮೇಳ ರಾತ್ರಿಯುದ್ದಕ್ಕೂ ಜನರನ್ನು ಕೂಡಿಸಿ ಇಡುತ್ತಿದ್ದ ಉಪಾಯ ಯಾವುದು ಎಂದು ಬರೆದವರನ್ನು ನಾನು ಕಾಣಲಿಲ್ಲ. ನಮ್ಮ ಸಮೀರವಾಡಿಯಿಂದ ಅವರ ಊರು ಮಹಾಲಿಂಗಪುರ ಮಾರು ದೂರ. ಇಷ್ಟು ಹತ್ತಿರದವರಾದ ನಮಗೂ ಅವರು ಒಂದು ಬಿರುದಾಗಿ ಉಳಿದಿದ್ದಾರೆ.

ಬದುಕಿನ ಸಂಗತಿಗಳು ಎಲ್ಲರಿಗೂ ಬಾಯಿಪಾಠ. 1940ರ ಹುಟ್ಟು, ಮೂರನೆಯ ಇಯತ್ತೆಗೇ ನಿಂತ ಶಾಲೆ, ಹೊಟ್ಟೆಪಾಡಿಗೆ ಮಗ್ಗ, ಮಸೂತಿಯ ಕುರಾನ್ ಪಾಠದ ಜೊತೆಜೊತೆಗೇ ಊರ ಭಜನೆ, 1970ರಲ್ಲಿ ಕಟ್ಟಿದ ಭಾವೈಕ್ಯ ಜನಪದ ಸಂಗೀತ ಮೇಳ, 2018ರ ಪದ್ಮಶ್ರೀ. ಇದನ್ನೆಲ್ಲ ಇನ್ನೊಮ್ಮೆ ಹೇಳಿ ಕಣ್ಣು ತೇವ ಮಾಡಿಕೊಳ್ಳುವ ಕೆಲಸ ನನ್ನದಲ್ಲ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಗಾಯಕರಾಗಿ ಸುತಾರರು ಮಧ್ಯಮ ದರ್ಜೆಯವರು, ಕವಿಯಾಗಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ಪದ ಬಿಡಿಸಿ ಹೇಳುವ ಟೀಕಾಕಾರರಾಗಿ ಅವರ ಕಾಲದಲ್ಲಿ ಅವರಿಗೆ ಸರಿಗಟ್ಟುವವರು ಈ ಸೀಮೆಯಲ್ಲಿ ಇರಲಿಲ್ಲ. ಹೊಗಳಿಕೆಯೆಲ್ಲ ಮೊದಲ ಎರಡಕ್ಕೆ ಬಿತ್ತು, ಮೂರನೆಯದು ಹಾಗೇ ಉಳಿಯಿತು.

ಕಬೀರನ ಹೋಲಿಕೆ ಎಷ್ಟು ಸೋಮಾರಿತನದ್ದೆಂದರೆ, ಅದನ್ನು ಕೊಟ್ಟವರು ಕಬೀರನನ್ನೂ ಓದಿಲ್ಲ, ಸುತಾರರನ್ನೂ ಕೇಳಿಲ್ಲ. ಇಬ್ಬರೂ ನೇಕಾರರು, ಇಬ್ಬರೂ ಮುಸ್ಲಿಂ ಮನೆಯವರು ಎಂಬಲ್ಲಿಗೆ ಹೋಲಿಕೆ ಮುಗಿಯಿತು. ಕಬೀರ ಪಂಡಿತನನ್ನೂ ಮುಲ್ಲಾನನ್ನೂ ಬಜಾರಿನಲ್ಲಿ ನಿಲ್ಲಿಸಿ ಬೈದವನು. ಸುತಾರರಿಗೆ ಬೈಯಲು ಬರುತ್ತಿರಲಿಲ್ಲ, ಬರಬೇಕೆಂದು ಅವರಿಗೆ ಅನಿಸಿದ ಹಾಗೂ ಇಲ್ಲ. ಮಠದ ಜಗುಲಿಯ ಮೇಲೆ ಸ್ವಾಮಿಗಳ ಪಕ್ಕದಲ್ಲಿ ಕೂತು, ಸ್ವಾಮಿಗಳಿಗೂ ಒಕ್ಕಲಿಗನಿಗೂ ಒಂದೇ ದನಿಯಲ್ಲಿ ತಿಳಿಯಹೇಳುವವರು ಅವರು. ಅದು ಬೇರೆಯದೇ ಸ್ವಭಾವ, ಬೇರೆಯದೇ ಕಲೆ.

ಎರಡನೆಯ ಬಿರುದು ಸೂಫಿ. ಇದು ಇತ್ತೀಚಿನದು, ಪೇಟೆಯ ಕಡೆಯಿಂದ ಬಂದದ್ದು. ನುಸ್ರತ್ ಫತೇ ಅಲಿ ಖಾನರ ಧ್ವನಿಮುದ್ರಿಕೆಗಳು ಬೆಂಗಳೂರಿನ ಮನೆಮನೆ ಹೊಕ್ಕ ಮೇಲೆ, ದೇವರ ಪದ ಹಾಡುವ ಮುಸ್ಲಿಮನೆಲ್ಲ ಸೂಫಿ ಗಾಯಕನಾದ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಹಾಗೆಂದು ಕೇಳಿದ್ದರೆ ಅವರ ಮನೆಗೆ ದಾರಿ ತೋರಿಸುವವರು ಸಿಗುತ್ತಿರಲಿಲ್ಲ. ಸುತಾರ ಶರಣರು ಎಂದರೆ ಹುಡುಗರೂ ತೋರಿಸುತ್ತಿದ್ದರು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ 1998ರಲ್ಲೇ ಬಂದಿದೆ. ಅದಾದ ಮೇಲೂ ಈ ಶಬ್ದವನ್ನು ಅತ್ತರಿನಂತೆ ಸಿಕ್ಕಸಿಕ್ಕಲ್ಲಿ ಸಿಂಪಡಿಸುವುದಕ್ಕೆ ನೆಪವಿಲ್ಲ. ಸುತಾರರ ಮಾತಿನ ತುಂಬ ಇದ್ದದ್ದು ಜೀವ, ಶಿವ, ಮಾಯೆ, ಅರಿವು, ಮರೆವು. ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’ಯಿಂದ ಹುಬ್ಬಳ್ಳಿಯ ಸಿದ್ಧಾರೂಢರವರೆಗೆ ಉತ್ತರ ಕರ್ನಾಟಕದ ಭಜನಾ ಮನೆಗಳಲ್ಲಿ ಬೇರು ಬಿಟ್ಟ ವೇದಾಂತದ ಭಾಷೆ ಅದು.

ಕವ್ವಾಲಿಯ ಜೊತೆ ಹೋಲಿಸಲೇಬೇಕೆಂದರೆ ಹೋಲಿಸೋಣ. ಕವ್ವಾಲರಲ್ಲಿ ಗಿರಹ್ ಎಂಬ ತಂತ್ರವಿದೆ. ಹಾಡುತ್ತಿರುವ ಸಾಲಿನ ನಡುವೆ ಬೇರೆಲ್ಲಿಯದೋ ಒಂದು ಶೇರ್, ಒಂದು ದೋಹಾ ತಂದು ಸಿಕ್ಕಿಸಿ, ಮತ್ತೆ ಮೂಲ ಸಾಲಿಗೇ ಬಂದು ಕೂಡುವುದು. ಗಿರಹ್ ಎಂದರೆ ಗಂಟು. ಸುತಾರರೂ ಶಿಶುನಾಳ ಶರೀಫರ ಪದದ ನಡುವೆ ಬಸವಣ್ಣನವರ ವಚನ ತರುತ್ತಾರೆ, ವಚನದ ನಡುವೆ ಕುರಾನಿನ ಮಾತು. ಆದರೆ ಕವ್ವಾಲನ ಗಂಟು ಬಿಗಿಯುತ್ತ ಹೋಗುತ್ತದೆ; ಚಪ್ಪಾಳೆ ಏರಿ, ಸಾಲು ಹತ್ತು ಸಲ ಮರುಕಳಿಸಿ, ಅರ್ಥ ಕರಗಿ ಹಾಲ್ ಎಂಬ ಪರವಶತೆ ಬರಬೇಕು. ಸುತಾರರ ಗಂಟು ಬಿಚ್ಚುವ ಗಂಟು. ಎಲ್ಲಿ ಕೇಳುಗನಿಗೆ ಮೈಮರೆವು ಹತ್ತುವ ಹಾಗೆ ಕಂಡಿತೋ ಅಲ್ಲಿ ಅವರು ಪದ ನಿಲ್ಲಿಸಿ ಮಾತಿಗೆ ಇಳಿಯುತ್ತಾರೆ. ಸೂಫಿಗಳ ನೆಂಟಸ್ತಿಕೆ ಹುಡುಕುವವರು ದೆಹಲಿ, ಲಾಹೋರಿಗೆ ಹೋಗದೆ ವಿಜಯಪುರಕ್ಕೆ ಹೋಗಬೇಕು. ಅಲ್ಲಿನ ಚಿಸ್ತಿ ಪಂಥದವರ ಚಕ್ಕಿನಾಮಾ, ಚರಖಾನಾಮಾಗಳಿವೆ, ದಖನಿಯಲ್ಲಿ ಹೆಣ್ಣುಮಕ್ಕಳ ಬೀಸುಕಲ್ಲಿಗೂ ರಾಟೆಗೂ ಕಟ್ಟಿದ ಪದಗಳು. ರಿಚರ್ಡ್ ಈಟನ್ 1978ರಲ್ಲೇ ಬಿಜಾಪುರದ ಸೂಫಿಗಳ ಮೇಲಿನ ತಮ್ಮ ಪುಸ್ತಕದಲ್ಲಿ ಇವನ್ನು ಮುಂದೆ ತಂದರು. ಬೀಸುಕಲ್ಲಿನ ಗೂಟ ಯಾವುದು, ಹಿಡಿ ಯಾವುದು ಎಂದು ಒಂದೊಂದಾಗಿ ತೋರಿಸಿ ತತ್ವ ಹೇಳುವ ಆ ಜಾಯಮಾನಕ್ಕೆ ಸುತಾರರು ನಿಜಕ್ಕೂ ಹತ್ತಿರ. ಇದನ್ನು ಹೇಳಿದ ಶ್ರದ್ಧಾಂಜಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಈಗ ಮೇಳದ ಮುಂದೆ ಕೂಡೋಣ. ಪೇಟಿ, ತಬಲಾ, ತಾಳ, ಹಿಂದೆ ದನಿಗೂಡಿಸುವವರು. ನೋಡಲಿಕ್ಕೆ ನಮ್ಮ ಯಾವ ಊರಿನ ಭಜನಾ ಮೇಳಕ್ಕಿಂತಲೂ ಬೇರೆಯಲ್ಲ. ಬೇರೆಯಾಗುವುದು ಅವರಲ್ಲೊಬ್ಬ ಸಂಗಡಿಗ ಬಾಯಿ ತೆರೆದಾಗ. ಅವನು ಸಂಶಯ ಕೇಳುತ್ತಾನೆ. ದೇವರು ಎಲ್ಲ ಕಡೆ ಇದ್ದರೆ ಗುಡಿಗೂ ಮಸೂತಿಗೂ ಹೋಗುವುದೇಕೆ ಎಂಬಂಥ ಸಂಶಯ, ಕಟ್ಟೆಯ ಮೇಲೆ ಕೂತವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಂಡು ಬಾಯಿ ಮುಚ್ಚಿಕೊಂಡದ್ದು. ಸುತಾರರು ತಕ್ಷಣ ಉತ್ತರ ಕೊಡುವುದಿಲ್ಲ. ಪ್ರಶ್ನೆಯನ್ನು ತಮ್ಮ ಬಾಯಲ್ಲಿ ಇನ್ನೊಮ್ಮೆ ಆಡಿ, ಅದರ ಮೂಲೆ ಒರಟಾಗಿದ್ದರೆ ಉಜ್ಜಿ ನುಣುಪು ಮಾಡದೆ ಒರಟಾಗಿಯೇ ಇಡುತ್ತಾರೆ. ಬಡಗಿಯ ಅಡ್ಡಹೆಸರಿನವರು ಕಟ್ಟಿಗೆಯ ಗಂಟನ್ನು ಮುಚ್ಚಿಡಲಿಲ್ಲ ಎನ್ನೋಣ. ಆಮೇಲೆ ಮಾತು ಶುರುವಾಗುತ್ತದೆ, ಪೇಟಿಯ ಸ್ವರ ಹಿಡಿದುಕೊಂಡೇ. ಮಾತು ಯಾವಾಗ ಪದವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ವಾಕ್ಯದ ಕೊನೆಯ ಅಕ್ಷರ ತುಸು ಉದ್ದವಾಗುತ್ತದೆ, ತಬಲಾ ಬಂದು ಕೂಡುತ್ತದೆ, ಅಷ್ಟೆ. ದನಿಯಲ್ಲಿ ಏರಿಳಿತ ಕಡಿಮೆ, ತಾನ, ತಿರುವುಗಳು ಇಲ್ಲವೆಂದರೂ ನಡೆದೀತು. ವ್ಯಂಜನಗಳು ಮಾತ್ರ ಒಂದೊಂದೂ ಎಣಿಸಿಕೊಟ್ಟ ನಾಣ್ಯ. ಕರ್ಕಶ ಮೈಕಿನಲ್ಲೂ, ಹಿಂದಿನ ಸಾಲಿನಲ್ಲಿ ಕೂಸು ಅಳುತ್ತಿದ್ದರೂ ಶಬ್ದ ತಪ್ಪುವುದಿಲ್ಲ. ಸಂಗೀತಗಾರನಿಗೆ ಇದು ಸಣ್ಣ ಗುಣ, ಟೀಕಾಕಾರನಿಗೆ ದೊಡ್ಡ ಗುಣ.

ಉತ್ತರದಲ್ಲಿ ದೃಷ್ಟಾಂತ ಬರುತ್ತದೆ. ಹಾಲಿನಲ್ಲಿ ತುಪ್ಪವಿದೆ, ಹಾಗಂತ ಹಾಲು ಸುರಿದು ದೀಪ ಹಚ್ಚಲಾದೀತೇ ಎಂಬಂಥ, ನಮ್ಮ ಪ್ರವಚನಕಾರರೆಲ್ಲರ ಜೋಳಿಗೆಯಲ್ಲಿರುವ ಹಳೆಯ ಸರಕು. ಸಾಧಾರಣ ಪ್ರವಚನದಲ್ಲಿ ದೃಷ್ಟಾಂತ ಬಂತೆಂದರೆ ಚಪ್ಪಾಳೆ ಬಂತು, ಮಾತು ಮುಗಿಯಿತು. ಇಲ್ಲಿ ಸಂಗಡಿಗ ಮತ್ತೆ ಏಳುತ್ತಾನೆ: ಹೆಪ್ಪು ಹಾಕುವವರು ಯಾರು, ಕಡೆಯುವವರು ಯಾರು, ಹಾಲು ಕೆಟ್ಟುಹೋದರೆ ಗತಿ ಏನು? ಉತ್ತರವೇ ಮುಂದಿನ ಪ್ರಶ್ನೆಗೆ ಕಚ್ಚಾಮಾಲು. ಹೀಗೆ ಒಂದೇ ದೃಷ್ಟಾಂತವನ್ನು ಮೂರು ನಾಲ್ಕು ಸಲ ತಿರುವಿ ನೋಡಿದ ಮೇಲೆ ಪದ ಬಂದಾಗ, ಅದೇ ಪದವನ್ನು ನೂರು ಸಲ ಕೇಳಿದವನೂ ಹೊಸದಾಗಿ ಕೇಳುತ್ತಾನೆ. ಸಿ. ಅಶ್ವಥ್ ಅವರು ಶರೀಫರ ಪದಗಳಿಗೆ ರಾಗ ಕೊಟ್ಟು, 1990ರಲ್ಲಿ ನಾಗಾಭರಣರ ಸಿನಿಮಾ ಬಂದು, ಶರೀಫರು ಮನೆಮಾತಾದರು, ಒಳ್ಳೆಯದೇ. ಆದರೆ ಕೋಡಗನನ್ನು ಕೋಳಿ ನುಂಗುವ ಆ ಪದವನ್ನು ತಲೆದೂಗಿ ಗುನುಗುವ ಲಕ್ಷ ಜನರಲ್ಲಿ ಕೋಳಿ ಯಾವುದು ಎಂದು ಕೇಳಿದವರೆಷ್ಟು? ರಾಗ ಚೆನ್ನಾಗಿದ್ದಷ್ಟೂ ಕೇಳುವ ತುರ್ತು ಕಡಿಮೆ. ಭಜನಾ ಮೇಳದಲ್ಲಿ ಕೋಳಿಯನ್ನು ಹಾಗೆ ಬಿಟ್ಟುಕೊಡುವುದಿಲ್ಲ.

ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಸಂಗಡಿಗ ಎರಡೂ ಅರ್ಥದಲ್ಲಿ ಕೇಳುವವನು. ಈ ಪಾತ್ರವನ್ನು ಸುತಾರರು ಎಲ್ಲಿಂದ ತಂದರು? ವೇದಾಂತ ಗ್ರಂಥಗಳ ಗುರು-ಶಿಷ್ಯ ಸಂವಾದದಿಂದ ಎನ್ನುವುದು ಸುಲಭದ ಉತ್ತರ. ‘ಶೂನ್ಯಸಂಪಾದನೆ’ಯಂತೂ ಇದ್ದೇ ಇದೆ. ನನ್ನ ಊಹೆ ಬೇರೆ: ಅದು ಆಟದ ಅಟ್ಟದಿಂದ ಬಂದದ್ದು. ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಆಟ. ಅದರಲ್ಲಿ ಭಾಗವತನೂ ದೂತಿಯೂ ಒಳಬಂದ ಪಾತ್ರವನ್ನು ಸುಮ್ಮನೆ ಬಿಡುವವರಲ್ಲ; ನೀ ಯಾರು, ಎಲ್ಲಿಂದ ಬಂದಿ, ಯಾಕೆ ಅಳುತ್ತೀ ಎಂದು ಸತ್ಯಭಾಮೆಯಂಥವಳನ್ನೂ ಬಿಚ್ಚಿಸುತ್ತಾರೆ. ಗೀಗೀ ಮೇಳಗಳ ಹರದೇಶಿ-ನಾಗೇಶಿ ಸವಾಲ್-ಜವಾಬು ಅದರ ಬೀಗರು. ಈ ನೆಲದ ಪ್ರೇಕ್ಷಕನಿಗೆ ಕಾಲೆಳೆಯದ ಸಂಗಡಿಗನಿಲ್ಲದೆ ದೊಡ್ಡ ಮಾತು ಜೀರ್ಣವಾಗುವುದಿಲ್ಲ. ಸುತಾರರು ಮಾಡಿದ್ದೆಂದರೆ ದೂತಿಯನ್ನು ವೇದಾಂತದೊಳಗೆ ಕರೆತಂದದ್ದು. ಇದು ಸಣ್ಣ ಸಾಧನೆಯೇನಲ್ಲ.

ಇಲ್ಲಿ ನಮ್ಮ ಪ್ರಗತಿಪರ ವಿಮರ್ಶಕ ಮಿತ್ರರೊಂದಿಗೆ ನನ್ನ ಹಳೆಯ ತಕರಾರನ್ನು ಎತ್ತಲೇಬೇಕು. ತತ್ವಪದವೆಂದರೆ ಅವರಿಗೆ ಪ್ರತಿಭಟನೆ. ಕಡಕೋಳ ಮಡಿವಾಳಪ್ಪನವರೆಂದರೆ ಪುರೋಹಿತಶಾಹಿಯ ವಿರುದ್ಧದ ಕೂಗು, ಶಿಷ್ಯ ಚೆನ್ನೂರು ಜಲಾಲಸಾಹೇಬರೆಂದರೆ ಪರ್ಯಾಯ ಸಂಸ್ಕೃತಿ. ಇರಲಿ. ಆದರೆ ಕೂಗು ಕೇಳಿಸದ ಕಡೆ ಇವರಿಗೆ ಏನೂ ಕೇಳಿಸುವುದಿಲ್ಲ. ಸುತಾರರಲ್ಲಿ ಕೂಗು ಸಿಗಲಿಲ್ಲವೆಂದು, ಮಠದವರ ಮನುಷ್ಯ ಎಂದು ಖಾಸಗಿಯಲ್ಲಿ ಮೂಗು ಮುರಿದು, ಬಹಿರಂಗದಲ್ಲಿ ಭಾವೈಕ್ಯದ ಹೆಸರಲ್ಲಿ ಹಾರ ಹಾಕಿದರು. ಎದುರು ಪಾಳಯದವರು ಇನ್ನೂ ಜಾಣರು: ನೋಡಿ, ಮುಸ್ಲಿಮರು ಹೀಗಿರಬೇಕು ಎಂದು ಅವರನ್ನು ಮಾದರಿ ತೂಕದ ಕಲ್ಲು ಮಾಡಿಕೊಂಡರು. ಐಕ್ಯದ ಹೊರೆ ಯಾವಾಗಲೂ ಒಂದೇ ಹೆಗಲ ಮೇಲೆ ಯಾಕೆ? ಕುರಾನ್ ಬಿಡಿಸಿ ಹೇಳುವ ಶರಣ ಮನೆತನದ ಪ್ರವಚನಕಾರನನ್ನು ಯಾರಾದರೂ ಇಷ್ಟು ಕಾಲ, ಇಷ್ಟು ಜಾತ್ರೆಗಳಿಗೆ ಕರೆದಿದ್ದಾರೆಯೇ? ಎರಡೂ ಪಾಳಯಕ್ಕೆ ಸುತಾರರ ಹೆಸರು ಸಾಕಾಗಿತ್ತು, ಹಾಡು ಬೇಕಾಗಿರಲಿಲ್ಲ. ತತ್ವಪದಗಳ ಸಂಪುಟಗಳನ್ನು ಸಾಲಾಗಿ ಅಚ್ಚು ಹಾಕಿದ ನಾವು ಒಂದು ಪೂರ್ತಿ ರಾತ್ರಿಯ ಸಂವಾದವನ್ನು ಪ್ರಶ್ನೆ ಸಮೇತ ಅಕ್ಷರಕ್ಕೆ ಇಳಿಸಿ ಅಭ್ಯಾಸ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಪದ ಮಾತ್ರ ಸಾಹಿತ್ಯ, ಅದನ್ನು ಬಿಡಿಸುವುದು ಬರೀ ಮಾತು ಎಂಬ ವಿಶ್ವವಿದ್ಯಾಲಯದ ಮಡಿ ಇನ್ನೂ ಹೋಗಿಲ್ಲ.

ದೋಷಗಳೂ ಇವೆ. ದೊಡ್ಡ ದೋಷ ಅದೇ ತಂತ್ರದೊಳಗಿದೆ. ಸಂಗಡಿಗ ಎಂದೂ ಗೆಲ್ಲುವುದಿಲ್ಲ. ಸವಾಲ್-ಜವಾಬಿನಲ್ಲಿ ಎದುರು ಮೇಳ ಗೆದ್ದು ಡಪ್ಪು ಬಾರಿಸಿಕೊಂಡು ಹೋಗಬಹುದು. ದೂತಿ ಸತ್ಯಭಾಮೆಯ ಸೊಕ್ಕನ್ನು ಇಳಿಸಬಹುದು. ಇಲ್ಲಿ ಸಂಶಯ ಹುಟ್ಟುವುದೇ ಪರಿಹಾರವಾಗಲಿಕ್ಕೆ. ಎಷ್ಟೋ ಸಲ ಎರಡು ಧರ್ಮಗಳ ನಡುವಿನ ನಿಜವಾದ ಭೇದವನ್ನು, ಶಬ್ದ ಬೇರೆ, ಸಾರ ಒಂದೇ ಎಂಬ ಒಂದು ಮಾತಿನಿಂದ ಸಪಾಟು ಮಾಡಿಬಿಡುತ್ತಾರೆ. ಸಂಗಡಿಗ ಅಲ್ಲಿ ಏಳಬೇಕಿತ್ತು, ಏಳುವುದಿಲ್ಲ. ಜಾತಿಯ ಮಾತು ಬರುತ್ತದೆ, ಆದರೆ ನಾನು ಕೇಳಿದಷ್ಟರಲ್ಲಿ ಅದು ಬೋಧನೆಯಾಗಿ ಬರುತ್ತದೆ, ಸಂಗಡಿಗನ ಬಾಯಿಂದ ಸಿಟ್ಟಿನ ಪ್ರಶ್ನೆಯಾಗಿ ಬರುವುದಿಲ್ಲ. ಗುಡಿಯ ಹೊರಗೆ ನಿಂತವನನ್ನು ಸಂಗಡಿಗನ ಜಾಗದಲ್ಲಿ ಕೂಡಿಸಿದ್ದರೆ ಆ ರಾತ್ರಿಗಳು ಎಲ್ಲಿಗೆ ಮುಟ್ಟುತ್ತಿದ್ದವೋ. ಬಿರುದು ಹೆಚ್ಚಿದ ಕೊನೆಯ ವರ್ಷಗಳಲ್ಲಂತೂ ಭಾವೈಕ್ಯದ ಭಾಷಣ ಬೆಳೆದು ಸಂಶಯದ ಪಾಲು ಸೊರಗಿತು. ಸನ್ಮಾನದ ಶಾಲು ಹೊದ್ದ ಮೇಲೆ ತಿರುಗಿ ಕೇಳುವವರು ಕಡಿಮೆಯಾಗುವುದು ಸಹಜವೇನೋ.

ಹೋದ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕಡೆ ರಾತ್ರಿ ಕಬ್ಬಿನ ಗಾಡಿಗಳು ಪಾಳಿ ಹಚ್ಚಿದ್ದವು. ಸಾಮಾನ್ಯವಾಗಿ ಆ ಟ್ರ್ಯಾಕ್ಟರುಗಳಲ್ಲಿ ಎದೆ ನಡುಗಿಸುವ ಡಿಜೆ ಹಾಡು. ನಡುವಿನ ಒಂದು ಗಾಡಿಯಲ್ಲಿ ಮಾತ್ರ ಸುತಾರರ ಹಳೆಯ ಮುದ್ರಿಕೆ, ಪೆನ್‌ಡ್ರೈವಿನಿಂದ. ಡ್ರೈವರು ಹುಡುಗ, ಮಡ್‌ಗಾರ್ಡಿನ ಮೇಲೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಕಬ್ಬು ಕಡಿಯುವ ತಂಡದ ಮುದುಕ ಒಬ್ಬ, ತಲೆಗೆ ಟವೆಲ್ಲು ಸುತ್ತಿಕೊಂಡು. ಸಂಗಡಿಗ ಸಂಶಯ ಕೇಳಿದ. ಸುತಾರರು ಅದನ್ನು ಇನ್ನೊಮ್ಮೆ ಆಡಿ ತೋರಿಸಿದರು. ಉತ್ತರ ಬರುವ ಮೊದಲೇ ಮುದುಕ ಕೈ ಎತ್ತಿ, ‘ತಡಿ ತಮ್ಮಾ, ಬಂದ್ ಮಾಡು. ಇದಕ್ಕ ನೀ ಏನಂತಿ ಹೇಳು ಮೊದಲ’ ಎಂದ. ಹುಡುಗ ನಕ್ಕ. ಆಮೇಲೆ ತಲೆ ಕೆರೆದುಕೊಂಡು ಏನೋ ಶುರು ಮಾಡಿದ. ಅಷ್ಟರಲ್ಲಿ ಪಾಳಿ ಮುಂದೆ ಸರಿಯಿತು, ಇಂಜಿನ್ನಿನ ಗದ್ದಲದಲ್ಲಿ ಅವನು ಏನಂದನೋ ನನಗೆ ಕೇಳಿಸಲಿಲ್ಲ.